ಆಯಿಲ್ ಕುಡಿಯುವ ಹಳೇ ಕಾರಿಗೆ ಯಾವ ಆಯಿಲ್? ಮಲೆನಾಡಿನವರಿಗೊಂದು ಹೋಲಿಕೆ

"ಕಾರು ಆಯಿಲ್ ಕುಡೀತಿದೆ" ಅಂದರೆ ಸಾಕು, ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಇರಲಿ, ರಿಪ್ಪನ್‌ಪೇಟೆಯ ಸಣ್ಣ ಶೆಡ್ ಇರಲಿ, ಮೊದಲು ಬರುವ ಮಾತು ಇದೇ: "ಟ್ವೆಂಟಿ ಫಿಫ್ಟಿ ಹಾಕ್ಬಿಡಿ ಸಾರ್, ಕಮ್ಮಿ ಆಗುತ್ತೆ." ಟ್ವೆಂಟಿ ಫಿಫ್ಟಿ ಅಂದರೆ ಡಬ್ಬದ ಮೇಲೆ 20ಡಬ್ಲ್ಯೂ-50 ಎಂದು ಬರೆದಿರುವ ದಪ್ಪ ಗ್ರೇಡಿನ ಆಯಿಲ್. ಕೆಲವು ಕಾರುಗಳಲ್ಲಿ ನಿಜಕ್ಕೂ ಕಮ್ಮಿಯಾಗುತ್ತದೆ. ಕೆಲವದರಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಇನ್ನು ಕೆಲವದರಲ್ಲಿ ಆಯಿಲ್ ಉಳಿದಂತೆ ಕಂಡರೂ ಎಂಜಿನ್ನಿಗೆ ಬೇರೆ ಕಡೆ ಪೆಟ್ಟು ಬೀಳುತ್ತದೆ. ನಿಮ್ಮ ಕಾರು ಯಾವ ಗುಂಪಿನದು ಎಂದು ಬಹುಮಟ್ಟಿಗೆ ನೀವೇ ಪತ್ತೆ ಹಚ್ಚಬಹುದು. ಘಾಟಿ ರಸ್ತೆಗಳು ಮನೆ ಬಾಗಿಲಲ್ಲೇ ಇರುವ ನಮಗಂತೂ ಅದು ಇನ್ನೂ ಸುಲಭ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೆಯ, ಸರಳ ಎಂಜಿನ್ನಿನಲ್ಲಿ ರಿಂಗು-ಬೋರು (ಪಿಸ್ಟನ್ನಿನ ಸುತ್ತಲಿನ ಉಂಗುರ, ಸಿಲಿಂಡರಿನ ಒಳಗೋಡೆ) ಸವೆದಿದ್ದರೆ ಒಂದು ಮೆಟ್ಟಿಲು, ಅಂದರೆ ಒಂದು ಗ್ರೇಡು, ದಪ್ಪ ಆಯಿಲ್ ಒಳ್ಳೆಯ ಆಯ್ಕೆ. ಎರಡು ಮೆಟ್ಟಿಲು ಒಟ್ಟಿಗೆ ಹಾರುವುದನ್ನು ಕೊನೆಗೆ ಇಟ್ಟುಕೊಳ್ಳಿ. ವಾಲ್ವ್ ಸೀಲ್ (ವಾಲ್ವಿನ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಒಣಗಿದ್ದರೆ, ಪಿಸಿವಿ ವಾಲ್ವ್ (ಎಂಜಿನ್ ತಳದ ಹೊಗೆಯನ್ನು ವಾಪಸ್ ಒಳಗೆ ಕಳಿಸುವ ವಾಲ್ವ್) ಕೆಟ್ಟಿದ್ದರೆ, ಪಿಸ್ಟನ್ನಿನ ಆಯಿಲ್ ರಿಂಗು ಕಚ್ಚಿಕೊಂಡಿದ್ದರೆ ದಪ್ಪ ಆಯಿಲ್‌ಗೆ ದುಡ್ಡು ಹಾಕಬೇಡಿ, ಆ ದುಡ್ಡು ರಿಪೇರಿಗೆ ಇರಲಿ.

ಮೊದಲು ಅಳತೆ

ಎಷ್ಟು ಕುಡಿಯುತ್ತಿದೆ ಎಂಬ ಲೆಕ್ಕವೇ ಇಲ್ಲದೆ ಆಯಿಲ್ ಬದಲಿಸುವವರೇ ಹೆಚ್ಚು. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಮಲೆನಾಡಿನ ಮನೆಗಳಲ್ಲಿ ಈ ಸಮತಟ್ಟು ಜಾಗವೇ ಕಷ್ಟ. ಗೇಟಿನಿಂದ ಕೊಟ್ಟಿಗೆವರೆಗೂ ಇಳಿಜಾರು, ಕಾರು ನಿಲ್ಲುವುದು ಮೂತಿ ಮೇಲೆತ್ತಿಕೊಂಡೇ. ಅಲ್ಲಿ ಅದ್ದಿದ ಕಡ್ಡಿ ನಿಜ ಹೇಳುವುದಿಲ್ಲ, ಅರ್ಧ ಲೀಟರಿನಷ್ಟು ವ್ಯತ್ಯಾಸ ತೋರಿಸಿದರೂ ಆಶ್ಚರ್ಯವಿಲ್ಲ. ಅಡಿಕೆ ಹರವುವ ಅಂಗಳ ಇದ್ದರೆ ಅಲ್ಲೇ ನಿಲ್ಲಿಸಿ. ಪ್ರತಿ ಸಲವೂ ಅದೇ ಜಾಗ, ಅದೇ ದಿಕ್ಕು ಇರಲಿ.

ಹೆಚ್ಚಿನ ಕಾರುಗಳಲ್ಲಿ ಕಡ್ಡಿಯ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಮುಕ್ಕಾಲರಿಂದ ಒಂದು ಲೀಟರ್ ಅಂತರ. ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, ಸಾವಿರ ಕಿ.ಮೀ. ಓಡಿಸಿ ಮತ್ತೆ ನೋಡಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಎಂಟು ಸಲ ಹೋಗಿ ಬಂದರೆ ಹೆಚ್ಚುಕಡಿಮೆ ಸಾವಿರ ಆಗುತ್ತದೆ. ಎರಡು-ಮೂರು ಸಾವಿರ ಕಿ.ಮೀ.ಗೆ ಒಂದು ಲೀಟರ್ ಹೋಗುತ್ತಿದ್ದರೆ ಹಳೇ ಕಾರಿನ ಮಟ್ಟಿಗೆ ಅದು ರೋಗವೇ ಅಲ್ಲ. ಸಾವಿರಕ್ಕೆ ಒಂದು ಲೀಟರ್ ದಾಟಿದರೆ ಎಂಜಿನ್ ಬಿಚ್ಚುವ ಮಾತು ಬರುತ್ತದೆ. ನಡುವಿನವರಿಗೇ ಈ ದಪ್ಪ-ತೆಳುವಿನ ಪ್ರಶ್ನೆ.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಒತ್ತಡ ಬಿದ್ದಾಗ ಹತ್ತುವಂಥದ್ದು, ಮಟ್ಟ ಇಳಿದಾಗ ಹತ್ತುವಂಥದ್ದಲ್ಲ. ಆಗುಂಬೆಯ 14 ತಿರುವುಗಳಲ್ಲಿ ಒಂದರಲ್ಲಿ ಕಾರು ವಾಲಿದಾಗ ಆ ದೀಪ ಒಮ್ಮೆ ಮಿನುಗಿತು ಅಂದರೆ, ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ) ಉಳಿದಿದ್ದ ಆಯಿಲ್ ಒಂದು ಮೂಲೆಗೆ ಸರಿದು ಪಂಪು ಗಾಳಿ ಎಳೆದಿದೆ ಎಂದು ಅರ್ಥ. ಆ ಹೊತ್ತಿಗೆ ಬೇರಿಂಗ್ ಸವೆಯಲು ಶುರುವಾಗಿರುತ್ತದೆ. ತಪ್ಪು ಗ್ರೇಡಿನ ಆಯಿಲ್ ತುಂಬಿದ ಎಂಜಿನ್‌ಗಿಂತ ಸರಿಯಾದ ಗ್ರೇಡು ಅರ್ಧ ಇರುವ ಎಂಜಿನ್ ಬೇಗ ಸಾಯುತ್ತದೆ. ಹಾಗೆಂದು ಮೇಲಿನ ಗುರುತು ದಾಟಿಸಿ ಸುರಿಯಲೂಬಾರದು. ತಳದಲ್ಲಿ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಹೆಚ್ಚಾದದ್ದು ಬ್ರೀದರ್ ಪೈಪಿನಿಂದ ಒಳಹೋಗಿ ಉರಿಯುತ್ತದೆ.

ಆಯಿಲ್ ಹೋಗುವುದೆಲ್ಲಿ? ಘಾಟಿ ಹೇಳುತ್ತದೆ

ಮೊದಲು ಕೆಳಗೆ ನೋಡಿ. ರಾತ್ರಿ ಕಾರಿನಡಿ ರಟ್ಟು ಹಾಸಿ ಬೆಳಗ್ಗೆ ನೋಡಿದರೆ ಸೋರಿಕೆ ಇದೆಯೋ ಇಲ್ಲವೋ ತಿಳಿಯುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್‌ನಲ್ಲಿ ಜಿನುಗುತ್ತಿದ್ದರೆ ಪ್ಯಾಕಿಂಗ್ ಬದಲಿಸಿ, ಅಲ್ಲಿಗೆ ಮುಗಿಯಿತು. ಸೋರುವುದನ್ನು ನಿಲ್ಲಿಸಲು ಎಂಜಿನ್ನಿನೊಳಗಿನ ಆಯಿಲನ್ನೇ ದಪ್ಪ ಮಾಡುವುದು ನನಗೆ ಸರಿಕಾಣುವುದಿಲ್ಲ.

ಸೋರಿಕೆ ಇಲ್ಲವೆಂದರೆ ಉರಿಯುತ್ತಿದೆ. ಉರಿಯುವ ಆಯಿಲ್‌ನ ಹೊಗೆ ನೀಲಿ. ಕಪ್ಪು ಹೊಗೆ ಇಂಧನದ್ದು. ಮಳೆಗಾಲದ ಬೆಳಗ್ಗೆ ಬರುವ ಬಿಳಿ ಹೊಗೆ ಬರೀ ತೇವದ್ದಿರಬಹುದು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಹೋಗುತ್ತಿದೆಯೇ ನೋಡಿಸಬೇಕು. ನೀಲಿ ಹೊಗೆ ಯಾವ ಗಳಿಗೆಯಲ್ಲಿ ಬರುತ್ತದೆ ಎಂಬುದರಲ್ಲೇ ಅರ್ಧ ರೋಗ ಗೊತ್ತಾಗುತ್ತದೆ.

ಪೆಟ್ರೋಲ್ ಕಾರಾದರೆ ಘಾಟಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಹಿಂದಕ್ಕೆ ನೋಡುತ್ತಿರಲು ಹೇಳಿ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ, ಇಲ್ಲವೇ ಹುಲಿಕಲ್ಲಿನಲ್ಲಿ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು ಎಂಜಿನ್ ಬ್ರೇಕಿನಲ್ಲೇ ಇಳಿಯುತ್ತೀರಿ. ಥ್ರಾಟಲ್ ಮುಚ್ಚಿದೆ, ಎಂಜಿನ್ ತಿರುಗುತ್ತಿದೆ, ಹಾಗಾಗಿ ಒಳಗೆ ಜೋರು ಎಳೆತ ಹುಟ್ಟುತ್ತದೆ. ವಾಲ್ವ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ವಾಲ್ವ್ ಗೈಡು ಸವೆದಿದ್ದರೆ, ಈ ಎಳೆತ ಮೇಲಿನ ಆಯಿಲನ್ನು ಸಿಲಿಂಡರಿನೊಳಕ್ಕೆ ಹೀರುತ್ತದೆ. ಇಳಿಜಾರು ಮುಗಿದು ಸಮ ರಸ್ತೆಯಲ್ಲಿ ಮತ್ತೆ ಕಾಲು ಒತ್ತಿದ ಕ್ಷಣ ಹಿಂದೆ ನೀಲಿ ಮೋಡ ಏಳುತ್ತದೆ. ಅದೇ ಕಾರು ಬೆಳಗ್ಗೆ ಮೊದಲ ಸ್ಟಾರ್ಟಿಗೆ ಒಂದು ಬುಗ್ಗೆ ನೀಲಿ ಹೊಗೆ ಬಿಟ್ಟು ಆಮೇಲೆ ಸುಮ್ಮನಾಗುತ್ತಿದ್ದರೆ ಅನುಮಾನವೇ ಬೇಡ, ರಾತ್ರಿಯೆಲ್ಲ ಸೀಲಿನಿಂದ ಹನಿಹನಿಯಾಗಿ ಇಳಿದ ಆಯಿಲ್ ಅದು. ಡೀಸೆಲ್ ಎಂಜಿನ್ನಿನಲ್ಲಿ ಈ ಥರದ ಎಳೆತ ಇರುವುದಿಲ್ಲ, ಹಾಗಾಗಿ ಈ ಪರೀಕ್ಷೆ ಅದಕ್ಕಲ್ಲ.

ಈಗ ಅದೇ ಘಾಟಿ ಹತ್ತಿ. ಹತ್ತುವಾಗ ಲೋಡಿನಲ್ಲಿ ಉದ್ದಕ್ಕೂ ನೀಲಿ ಹೊಗೆ ಬರುತ್ತಿದ್ದರೆ ರಿಂಗು-ಬೋರಿನ ಕಡೆ ಬೆರಳು. ಮೇಲೆ ಹೋಗಿ ನಿಲ್ಲಿಸಿ, ಎಂಜಿನ್ ಐಡಲಿನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ಹುಷಾರಾಗಿ ತೆಗೆದು ನೋಡಿ. ಅಲ್ಲಿಂದ ಪಫ್ ಪಫ್ ಎಂದು ಹೊಗೆ ಹೊಡೆಯುತ್ತಿದ್ದರೆ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುವುದು ಅದಕ್ಕೇ. ರಿಂಗು ದಾಟಿ ಕೆಳಗಿಳಿದ ಗ್ಯಾಸು ಅದು. ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ಇನ್ನೂ ಖಚಿತವಾಗುತ್ತದೆ. ಒಣ ಅಳತೆ ಒಂದು, ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಂದು. ಎರಡನೆಯದರಲ್ಲಿ ಕಂಪ್ರೆಷನ್ ಏರಿದರೆ ರಿಂಗು ಸವೆದಿದೆ.

ಇಲ್ಲೊಂದು ಬಲೆ ಇದೆ. ಪಿಸ್ಟನ್ನಿನಲ್ಲಿ ಮೇಲಿನ ಎರಡು ರಿಂಗು ಕಂಪ್ರೆಷನ್ನಿಗೆ, ಕೆಳಗಿನದು ಆಯಿಲ್ ಕೆರೆದು ಕೆಳಗಿಳಿಸುವುದಕ್ಕೆ. ಆ ಕೆಳಗಿನ ರಿಂಗಿನ ಹಿಂದೆ ಆಯಿಲ್ ವಾಪಸ್ ಹೋಗಲು ಸಣ್ಣ ತೂತುಗಳಿರುತ್ತವೆ. ವರ್ಷಗಟ್ಟಲೆ ಆಯಿಲ್ ತಡವಾಗಿ ಬದಲಿಸಿದ್ದರೆ, ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಎಂದು ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸಿದ್ದರೆ, ಆ ತೂತುಗಳಲ್ಲಿ ಕರಿ ಕಟ್ಟಿಕೊಂಡು ರಿಂಗು ಕಚ್ಚಿಕೊಳ್ಳುತ್ತದೆ. ಆಗ ಕಂಪ್ರೆಷನ್ ಚೆನ್ನಾಗಿಯೇ ತೋರಿಸುತ್ತದೆ, ಪಿಕಪ್ಪೂ ಇರುತ್ತದೆ, ಆಯಿಲ್ ಮಾತ್ರ ಮಾಯ. ಇಂಥ ಎಂಜಿನ್ನಿಗೆ ದಪ್ಪ ಆಯಿಲ್ ಹಾಕಿದರೆ ಮುಚ್ಚಿಕೊಂಡ ತೂತಿನಿಂದ ಅದು ಇನ್ನೂ ನಿಧಾನವಾಗಿ ಇಳಿಯುತ್ತದೆ. ಮಲೆನಾಡಿನ ತೋಟದ ಮನೆಗಳಲ್ಲಿ ಕಡಿಮೆ ಓಡಿದ, ಚೆಂದವಾಗಿ ಇಟ್ಟುಕೊಂಡ ಕಾರುಗಳೂ ಆಯಿಲ್ ಕುಡಿಯುವುದಕ್ಕೆ ಇದೇ ದೊಡ್ಡ ಕಾರಣ ಎಂದು ನಾನು ಬಲವಾಗಿ ನಂಬುತ್ತೇನೆ.

ಪಿಸಿವಿ ವಾಲ್ವ್ ವಿಚಾರ ಬೇಗ ಮುಗಿಸಬಹುದು. ಸಂಪಿನ ಹೊಗೆಯನ್ನು ವಾಪಸ್ ಎಂಜಿನ್ನಿಗೆ ಕಳಿಸುವ ಸಣ್ಣ ಬಿಡಿಭಾಗ ಅದು. ತೆರೆದೇ ಉಳಿದರೆ ಆಯಿಲನ್ನೂ ಎಳೆದುಕೊಳ್ಳುತ್ತದೆ, ಮುಚ್ಚಿಕೊಂಡರೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಹೊರಗೆ ತಳ್ಳುತ್ತದೆ. ಬಿಡಿಯಾಗಿ ಬರುವ ವಾಲ್ವ್ ಆದರೆ ಬಿಚ್ಚಿ ಅಲ್ಲಾಡಿಸಿ. ಟಕಟಕ ಸದ್ದು ಬರದಿದ್ದರೆ ಹೊಸದು ಹಾಕಿ. ಅಗ್ಗದ ಕೆಲಸ, ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು.

ಡಬ್ಬದ ಮೇಲಿನ ಎರಡು ಸಂಖ್ಯೆ

ಮೊದಲ ಸಂಖ್ಯೆ ತಣ್ಣಗಿದ್ದಾಗಿನದು, ಎರಡನೆಯದು ಬಿಸಿಯಾದಾಗಿನದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ಆಯಿಲ್‌ನ ದಪ್ಪ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪ ಅಳೆಯುವ ಮಾನ) ಒಳಗಿರಬೇಕು, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ಅಂದರೆ 30ರಿಂದ 40ಕ್ಕೆ ಹೋದರೆ ಬಿಸಿ ಎಂಜಿನ್ನಿನಲ್ಲಿ ದಪ್ಪ ಸುಮಾರು ಮೂರನೇ ಒಂದರಷ್ಟು ಹೆಚ್ಚು. ಸವೆದ ಸಂದಿಯಲ್ಲಿ ನುಸುಳುವುದು ಅಷ್ಟರಮಟ್ಟಿಗೆ ನಿಧಾನ.

ತಣ್ಣಗಿದ್ದಾಗ ವ್ಯತ್ಯಾಸ ಇದಕ್ಕಿಂತ ದೊಡ್ಡದು. 40 ಡಿಗ್ರಿಯಲ್ಲಿ 5ಡಬ್ಲ್ಯೂ-30 ಸುಮಾರು 60-65 ಸೆಂಟಿಸ್ಟೋಕ್ ಇದ್ದರೆ, 15ಡಬ್ಲ್ಯೂ-40 ಸುಮಾರು 110, 20ಡಬ್ಲ್ಯೂ-50 150ರಿಂದ 175. ಮಾಘದ ಚಳಿಯಲ್ಲಿ ಡಬ್ಬಿಯಿಂದ ಇಳಿಯಲೊಲ್ಲದ ಜೋನಿ ಬೆಲ್ಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಿದ್ದರೂ ನಮ್ಮ ಕಡೆ ಮೊದಲ ಸಂಖ್ಯೆಗೆ ಹೆದರುವ ಅಗತ್ಯ ಕಡಿಮೆ. 20ಡಬ್ಲ್ಯೂ ಎಂಬ ಗುರುತು ಸಿಗಬೇಕಾದರೆ ಆ ಆಯಿಲ್ ಮೈನಸ್ 15 ಡಿಗ್ರಿಯ ಸ್ಟಾರ್ಟಿಂಗ್ ಪರೀಕ್ಷೆ ಪಾಸಾಗಿರಬೇಕು, 15ಡಬ್ಲ್ಯೂ ಮೈನಸ್ 20ರಲ್ಲಿ. ತೀರ್ಥಹಳ್ಳಿ, ಕೊಪ್ಪದ ಚಳಿ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಕಾರು ಸ್ಟಾರ್ಟ್ ಆಗೇ ಆಗುತ್ತದೆ. ತೊಂದರೆ ಸ್ಟಾರ್ಟಿನದಲ್ಲ, ಸ್ಟಾರ್ಟ್ ಆದ ಮೇಲಿನ ಮೊದಲ ಕೆಲವು ಸೆಕೆಂಡಿನದು. ದಪ್ಪ ಆಯಿಲ್ ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ ತಲುಪುವುದು ತಡ, ಅಷ್ಟು ಹೊತ್ತು ವಾಲ್ವ್ ತೆರೆಯುವ ಕ್ಯಾಮು ಒಣಗಿ ತಿರುಗುತ್ತದೆ. ದಿನಕ್ಕೆ ಐದಾರು ಸಲ ಎರಡೆರಡು ಕಿಲೋಮೀಟರ್ ಓಡಿಸುವವರಿಗೆ ಇದು ಲೆಕ್ಕಕ್ಕೆ ಬರುತ್ತದೆ, ಬೆಂಗಳೂರಿಗೆ ಹೋಗಿ ಬರುವವರಿಗೆ ಅಷ್ಟಾಗಿ ಇಲ್ಲ.

ದಪ್ಪ ಆಯಿಲ್ ಕಮ್ಮಿ ಖರ್ಚಾಗಲು ಇನ್ನೊಂದು ಕಾರಣವೂ ಉಂಟು. ತೆಳು ಆಯಿಲ್‌ನ ಹಗುರ ಅಂಶ ಬಿಸಿಗೆ ಆವಿಯಾಗಿ ಹೋಗುತ್ತದೆ. ನೋಆಕ್ ಪರೀಕ್ಷೆಯಲ್ಲಿ 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ತೂಕದಲ್ಲಿ ಎಷ್ಟು ಹೋಯಿತೆಂದು ನೋಡುತ್ತಾರೆ. ಈಗಿನ ಪೆಟ್ರೋಲ್ ಕಾರಿನ ಆಯಿಲ್‌ಗಳಿಗೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಇಟ್ಟಿರುವ ಮಿತಿ ಶೇ 15. ಒಳ್ಳೆಯ ಸಿಂಥೆಟಿಕ್‌ಗಳಲ್ಲಿ, ದಪ್ಪ ಗ್ರೇಡುಗಳಲ್ಲಿ ಇದು ಸಾಮಾನ್ಯವಾಗಿ ಇನ್ನೂ ಕಡಿಮೆ. ಆದ್ದರಿಂದ ಮಿನರಲ್ 10ಡಬ್ಲ್ಯೂ-30 ಕುಡಿಯುವ ಕಾರು ಸಿಂಥೆಟಿಕ್ 10ಡಬ್ಲ್ಯೂ-40ರಲ್ಲಿ ಸುಧಾರಿಸಿದರೆ ಅದರಲ್ಲಿ ದಪ್ಪದ ಪಾಲೂ ಇದೆ, ಆವಿಯಾಗದ ಗುಣದ ಪಾಲೂ ಇದೆ.

ಆಯ್ಕೆಗಳನ್ನು ಎದುರುಬದುರು ಇಟ್ಟರೆ

ಇದ್ದ ಗ್ರೇಡನ್ನೇ ಇಟ್ಟುಕೊಂಡು ಟಾಪ್ ಅಪ್ ಮಾಡುತ್ತ ಹೋಗುವುದು ಎಲ್ಲರೂ ಮರೆಯುವ ಆಯ್ಕೆ. ಎರಡು ಸಾವಿರಕ್ಕೆ ಒಂದು ಲೀಟರ್ ಹೋಗುವ ಕಾರಿಗೆ ಡಿಕ್ಕಿಯಲ್ಲಿ ಒಂದು ಡಬ್ಬ ಇಟ್ಟುಕೊಂಡರೆ ಸಾಕು. ಎಂಜಿನ್ನಿಗೆ ಯಾವ ಅಪಾಯವೂ ಇಲ್ಲ, ಮೈಲೇಜೂ ಬೀಳುವುದಿಲ್ಲ.

ಒಂದು ಮೆಟ್ಟಿಲು ಏರುವುದು, ಅಂದರೆ 5ಡಬ್ಲ್ಯೂ-30 ಇದ್ದಲ್ಲಿ 5ಡಬ್ಲ್ಯೂ-40 ಅಥವಾ 10ಡಬ್ಲ್ಯೂ-40, 10ಡಬ್ಲ್ಯೂ-30 ಇದ್ದಲ್ಲಿ 15ಡಬ್ಲ್ಯೂ-40. ಸವೆದ ರಿಂಗಿಗೆ ಇದರಿಂದ ಗುಣ ಕಾಣುತ್ತದೆ, ಬಿಸಿಯಲ್ಲಿ ಆಯಿಲ್ ಒತ್ತಡ ಸ್ವಲ್ಪ ಏರುತ್ತದೆ, ಟ್ಯಾಪೆಟ್ ಸೌಂಡ್ ಇಳಿಯುವುದೂ ಉಂಟು. ಮೈಲೇಜಿನಲ್ಲಿ ಶೇ ಒಂದರ ಆಸುಪಾಸು ಹೋಗಬಹುದು, ಘಾಟಿಯಲ್ಲಿ ಓಡಿಸುವವರಿಗೆ ಅದು ಗೊತ್ತಾಗುವುದೂ ಕಷ್ಟ. ಹಳೆಯ ಕಾರುಗಳ ಮ್ಯಾನುಯಲ್ ತೆರೆದು ನೋಡಿ. ಅನೇಕದರಲ್ಲಿ ಹವಾಮಾನದ ಪ್ರಕಾರ ಯಾವ ಗ್ರೇಡು ಎಂಬ ಪಟ್ಟಿ ಇರುತ್ತದೆ, ನೀವು ದಪ್ಪ ಎಂದುಕೊಂಡ ಗ್ರೇಡು ಕಂಪನಿಯೇ ಒಪ್ಪಿದ್ದಾಗಿರುತ್ತದೆ. ನನ್ನನ್ನು ಕೇಳಿದರೆ ಹೆಚ್ಚಿನವರು ನಿಲ್ಲಬೇಕಾದದ್ದು ಇಲ್ಲೇ.

20ಡಬ್ಲ್ಯೂ-50 ಹಾಕುವುದು ಅದರ ಮುಂದಿನ ಹೆಜ್ಜೆ. ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್, ಹಳೇ ಜೀಪು, ಲಕ್ಷಗಟ್ಟಲೆ ಓಡಿ ಬೋರು ಸಡಿಲಾದ ಮಾರುತಿ 800, ಓಮ್ನಿ ಇವಕ್ಕೆ ಇದು ಸಲ್ಲುತ್ತದೆ. ಇವುಗಳ ವಾಲ್ವ್ ಕ್ಲಿಯರೆನ್ಸ್ ಕೈಯಲ್ಲಿ ಅಡ್ಜಸ್ಟ್ ಮಾಡುವಂಥದ್ದು, ಆಯಿಲ್ ಒತ್ತಡವನ್ನೇ ನಂಬಿಕೊಂಡ ನಾಜೂಕು ಭಾಗಗಳು ಕಡಿಮೆ. ಎಂಜಿನ್ ಕೆಲಸಕ್ಕೆ ದುಡ್ಡು ಕೂಡಿಸುವವರೆಗೆ ಒಂದೆರಡು ವರ್ಷ ನೂಕಲು ಇದು ಸಾಕು. ಆದರೆ ಇದೇ ಆಯಿಲನ್ನು ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಹೊತ್ತನ್ನು ಓಡುವಾಗಲೇ ಬದಲಿಸುವ ವ್ಯವಸ್ಥೆ) ಇರುವ ಈಗಿನ ಎಂಜಿನ್ನಿಗೆ ಸುರಿದರೆ ಅದರ ಸಣ್ಣ ನಾಳಗಳಲ್ಲಿ ಆಯಿಲ್ ಹರಿಯುವ ವೇಗವೇ ಬದಲಾಗುತ್ತದೆ, ಚೆಕ್ ಎಂಜಿನ್ ದೀಪ ಹತ್ತಬಹುದು. ಆಯಿಲ್ ಒತ್ತಡದಿಂದಲೇ ವಾಲ್ವ್ ಸಂದಿ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ ಬೆಳಗ್ಗೆ ಟಕಟಕ ಅನ್ನುತ್ತದೆ. 0ಡಬ್ಲ್ಯೂ-20, 5ಡಬ್ಲ್ಯೂ-30ಕ್ಕೆಂದೇ ಮಾಡಿದ ಎಂಜಿನ್ನಿಗೆ 20ಡಬ್ಲ್ಯೂ-50 ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಹೈ ಮೈಲೇಜ್ ಎಂದು ಬರೆದ ಆಯಿಲ್‌ಗಳಲ್ಲಿ ಒಣಗಿದ ರಬ್ಬರ್ ಸೀಲನ್ನು ತುಸು ಮೆತ್ತಗೆ ಮಾಡಿ ಉಬ್ಬಿಸುವ ಅಂಶ ಇರುತ್ತದೆ. ಸೀಲಿನಿಂದ ಜಿನುಗುವ ಕಾರಿಗೆ ದಪ್ಪ ಆಯಿಲ್‌ಗಿಂತ ಇದು ಸೂಕ್ತ. ಹರಿದ ಸೀಲನ್ನು ಯಾವ ಆಯಿಲೂ ಹೊಲಿಯುವುದಿಲ್ಲ.

ಅಂಗಡಿಯಲ್ಲಿ ಹೊಗೆ ನಿಲ್ಲಿಸುವ ಸಣ್ಣ ಡಬ್ಬಿಗಳೂ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಆಯಿಲನ್ನು ದಪ್ಪ ಮಾಡುವ ಪಾಲಿಮರ್. ಬೆರೆಸಿದ ಮೇಲೆ ನಿಮ್ಮ ಎಂಜಿನ್ನಿನಲ್ಲಿರುವುದು ಯಾವ ಗ್ರೇಡು ಎಂದು ಯಾರಿಗೂ ಗೊತ್ತಿರುವುದಿಲ್ಲ. ದಪ್ಪವೇ ಬೇಕಿದ್ದರೆ ದಪ್ಪ ಆಯಿಲನ್ನೇ ಕೊಳ್ಳಿ.

ಇನ್ನು ತೋಟದವರು ಕೇಳುವ ಪ್ರಶ್ನೆ: ಟಿಲ್ಲರಿಗೂ ಟ್ರ್ಯಾಕ್ಟರಿಗೂ ತಂದಿಟ್ಟ 15ಡಬ್ಲ್ಯೂ-40 ಕ್ಯಾನು ಮನೆಯಲ್ಲೇ ಇದೆ, ಕಾರಿಗೆ ಹಾಕಬಹುದೇ? ಕ್ಯಾನಿನ ಹಿಂದೆ ಎಪಿಐ ಗುರುತು ನೋಡಿ, ಸಿಯಿಂದ ಶುರುವಾಗುವುದು ಡೀಸೆಲ್‌ಗೆ, ಎಸ್‌ನಿಂದ ಶುರುವಾಗುವುದು ಪೆಟ್ರೋಲ್‌ಗೆ. ಸಿಐ-4 ಜೊತೆಗೆ ಎಸ್‌ಎಲ್ ಎಂದೋ ಎಸ್‌ಎಂ ಎಂದೋ ಇದ್ದರೆ ಹಳೇ ಪೆಟ್ರೋಲ್ ಕಾರಿಗೂ ಆಗುತ್ತದೆ. ಬರೀ ಸಿ ಗುರುತಿದ್ದರೆ ಅದನ್ನು ಡೀಸೆಲ್ ಗಾಡಿಗೇ ಬಿಡಿ. ಟ್ರ್ಯಾಕ್ಟರಿನ ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್, ವೆಟ್ ಬ್ರೇಕ್ ಆಯಿಲ್ ಎಂಜಿನ್ನಿನ ಹತ್ತಿರಕ್ಕೂ ಬರಬಾರದು. ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಅಂತೂ ಯಾವ ಕಾರಿಗೂ ಬೇಡ.

ರಿಪೇರಿ ಯಾವಾಗ ಲಾಭ

ವಾಲ್ವ್ ಸೀಲ್ ಸಣ್ಣ ರಬ್ಬರ್ ತುಂಡು, ಖರ್ಚೆಲ್ಲ ಮಜೂರಿಯದು. ಮಾರುತಿ 800ರಂಥ ಸಣ್ಣ ಎಂಜಿನ್ನಿನ ಹೆಡ್ ಬಿಚ್ಚುವುದು ಮಲೆನಾಡಿನ ಯಾವ ಗ್ಯಾರೇಜಿಗೂ ಹೊಸದಲ್ಲ. ಘಾಟಿ ಇಳಿದ ಮೇಲೆ ಹೊಗೆ ಬಿಡುವ ಕಾರಿಗೆ ಆಯಿಲ್ ಮೇಲೆ ಆಯಿಲ್ ಬದಲಿಸುವುದಕ್ಕಿಂತ ಇದನ್ನು ಮಾಡಿಸಿ. ಕಚ್ಚಿಕೊಂಡ ಆಯಿಲ್ ರಿಂಗಿಗೆ ಮೊದಲು ಸಹನೆಯ ದಾರಿ ನೋಡಬಹುದು: ಮ್ಯಾನುಯಲ್ ಹೇಳಿದ ಗ್ರೇಡಿನಲ್ಲೇ ಒಳ್ಳೆಯ ಸಿಂಥೆಟಿಕ್, ಆಯಿಲು-ಫಿಲ್ಟರು ಎರಡನ್ನೂ ಅರ್ಧ ಅವಧಿಗೇ ಬದಲಿಸುವುದು, ವಾರಕ್ಕೊಮ್ಮೆಯಾದರೂ ಒಂದು ಗಂಟೆ ಎಂಜಿನ್ ಪೂರ್ತಿ ಬಿಸಿಯಾಗುವಂತೆ ಓಡಿಸುವುದು. ಕೆಲವು ಎಂಜಿನ್ ಎರಡು ಮೂರು ಬದಲಾವಣೆಯಲ್ಲಿ ಸುಧಾರಿಸುತ್ತವೆ, ಕೆಲವಕ್ಕೆ ಪಿಸ್ಟನ್ ಹೊರತೆಗೆಯದೆ ಬೇರೆ ದಾರಿಯಿಲ್ಲ.

ಎಂಜಿನ್ ಇಳಿಸಿ ರಿಂಗು-ಬೋರು ಮಾಡಿಸಬೇಕೋ ಬೇಡವೋ ಎಂಬುದಕ್ಕೆ ಆರ್‌ಸಿ ನೋಡಿ. 15 ವರ್ಷ ಮುಗಿದು, ಎಫ್‌ಸಿ ಮಾಡಿಸಿ, ಮುಂದಿನ 5 ವರ್ಷಕ್ಕೆ ನವೀಕರಣ ಆಗಿದ್ದರೆ, ಬಾಡಿ ತುಕ್ಕು ಹಿಡಿಯದೆ ಗಟ್ಟಿಯಾಗಿದ್ದರೆ, ಮಾಡಿಸಿ. ನಮ್ಮ ಮಳೆಗೆ ಪ್ಲಾಟ್‌ಫಾರ್ಮ್ (ತಳದ ತಗಡು) ಕೊಳೆತುಹೋದ ಕಾರಿಗೆ ಹೊಸ ರಿಂಗು ಹಾಕುವುದು ವ್ಯರ್ಥ, ಅಂಥದ್ದಕ್ಕೆ 20ಡಬ್ಲ್ಯೂ-50 ಹಾಕಿ ಓಡಿದಷ್ಟು ಓಡಿಸುವುದೇ ಲೇಸು. ನವೀಕರಣ ಇನ್ನೂ ಬಾಕಿಯಿದ್ದರೆ ಒಂದು ಸಂಗತಿ ನೆನಪಿಡಿ. ಆಯಿಲ್ ಉರಿಯುವ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಹೈಡ್ರೋಕಾರ್ಬನ್ ಏರುತ್ತದೆ, ಎಮಿಷನ್ ಟೆಸ್ಟಿನಲ್ಲಿ ಅಳೆಯುವುದರಲ್ಲಿ ಅದೂ ಒಂದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಆಯಿಲ್‌ನ ಫಾಸ್ಫರಸ್ ಅದರ ಮೇಲೆ ಕೂತು ನಿಧಾನವಾಗಿ ಕೆಡಿಸುತ್ತದೆ.

ಟರ್ಬೊ ಡೀಸೆಲ್ ಇಟ್ಟುಕೊಂಡವರಿಗೆ ನನ್ನ ಸಲಹೆ ಬೇರೆ. ಹಳೇ ಸ್ವಿಫ್ಟ್, ರಿಟ್ಜ್‌ಗಳ 1.3 ಲೀಟರ್ ಡೀಸೆಲ್ಲಿನಲ್ಲಿ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವುದು ಆಯಿಲ್ ಒತ್ತಡ. ಅಲ್ಲಿ ಮಟ್ಟ ಇಳಿಯಲು ಬಿಡುವುದೂ ಅಪಾಯ, ಗ್ರೇಡಿನ ಜೊತೆ ಆಟವಾಡುವುದೂ ಅಪಾಯ. ಟರ್ಬೊ ಸೀಲು ನೋಡಿಸಿ, ಮ್ಯಾನುಯಲ್ ಹೇಳಿದ್ದನ್ನೇ ಹಾಕಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್‌ಗೆ ಬೂದಿ ಕಡಿಮೆ ಇರುವ ಆಯಿಲೇ ಬೇಕು, ಬೇರೆಯದು ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಬದಲಿಸಿದ ಮೇಲೆ

ಪೂರ್ತಿ ಆಯಿಲ್ ಬದಲಿಸುವ ಮೊದಲೇ ರುಚಿ ನೋಡಬೇಕೆಂದರೆ, ಮುಂದಿನ ಟಾಪ್ ಅಪ್‌ಗಳಲ್ಲಿ ಒಂದು ಮೆಟ್ಟಿಲು ದಪ್ಪದ ಆಯಿಲ್ ಹಾಕಿ. ಬೇರೆ ಗ್ರೇಡು ಬೆರೆತರೆ ಕೆಡುವುದಿಲ್ಲ, ಎರಡರ ನಡುವಿನ ದಪ್ಪ ಬರುತ್ತದೆ, ಅಷ್ಟೇ. ಪೂರ್ತಿ ಬದಲಿಸಿದರೆ ಫಿಲ್ಟರನ್ನೂ ಬದಲಿಸಿ, ಅದೇ ಅಂಗಳದಲ್ಲಿ ಅಳೆದು, ಅದೇ ರಸ್ತೆಗಳಲ್ಲಿ ಸಾವಿರ ಕಿ.ಮೀ. ಓಡಿಸಿ ಹಳೇ ಲೆಕ್ಕದೊಂದಿಗೆ ಹೋಲಿಸಿ. ಹಳೇ ಲೆಕ್ಕ ಮಳೆಗಾಲದ ಸಣ್ಣ ಓಡಾಟದ್ದು, ಹೊಸದು ಬೇಸಿಗೆಯ ದೂರ ಪ್ರಯಾಣದ್ದು ಆಗಿದ್ದರೆ ಹೋಲಿಕೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಸಣ್ಣ ಓಡಾಟದ ಕಾರಿನ ಆಯಿಲ್ ಮುಚ್ಚಳದಡಿ ಬೆಣ್ಣೆಯಂಥ ಬಿಳಿ ಪಸೆ ಕಟ್ಟುವುದುಂಟು. ಕೂಲೆಂಟ್ ಇಳಿಯದಿದ್ದರೆ ಅದು ತೇವದ್ದು, ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿ ಬೇಡ. ಆದರೆ ಆ ನೀರಿನಂಶವೂ ಕಡ್ಡಿಯ ಮಟ್ಟವನ್ನು ಮೇಲೆ ತೋರಿಸುತ್ತದೆ, ಆಯಿಲ್ ಉಳಿಯಿತೆಂದು ಭ್ರಮೆ ಹುಟ್ಟಿಸುತ್ತದೆ. ಒಂದು ದೂರದ ಓಡಾಟ ಮುಗಿಸಿ ಬಂದು ಅಳೆದರೆ ನಿಜವಾದ ಮಟ್ಟ ಸಿಗುತ್ತದೆ.

ಹೊಸ ಆಯಿಲ್ ಹಾಕಿದ ಮರುದಿನ ಬೆಳಗ್ಗೆ, ಬಾನೆಟ್ ಎತ್ತಿಟ್ಟು, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ ಕಿವಿಗೊಡಿ. ಆಯಿಲ್ ದೀಪ ಹಿಂದಿನಷ್ಟೇ ಬೇಗ ಆರಬೇಕು, ಹೆಡ್ಡಿನ ಸದ್ದು ಎರಡು-ಮೂರು ಸೆಕೆಂಡಿನಲ್ಲಿ ತಗ್ಗಬೇಕು. ದೀಪ ಆರುವುದು ತಡವಾದರೆ, ಮೊದಲಿಲ್ಲದ ಟಕಟಕ ಹತ್ತು ಸೆಕೆಂಡ್ ಉಳಿದರೆ, ಆ ಎಂಜಿನ್ನಿಗೆ ಆ ಆಯಿಲ್ ಹೆಚ್ಚು ದಪ್ಪವಾಯಿತು. ಹಾಕಿದ ದುಡ್ಡು ಹೋಯಿತೆಂದು ನೋಡದೆ ಅದನ್ನು ಇಳಿಸಿ, ಒಂದು ಮೆಟ್ಟಿಲು ಕೆಳಗಿನದನ್ನು ತುಂಬಿಸಿ.